ಮೋಟಾರಿನ ಕಂಡಿಕೆ ಲಾಳಿಯಲ್ಲಿ ನಿಲ್ಲುವುದಿಲ್ಲ ಅಂದವರಿಗೆ

ನಾನು ಇಳಕಲ್ಲಿನ ಸೊಸೆ. ಮಗ್ಗದ ಮೇಲೆ ಕೂರುವವರು ನಮ್ಮ ಮನೆಯವರು, ರಾಟೆಯ ಮುಂದೆ ಕೂರುವವಳು ನಾನು. 19 ವರ್ಷದಿಂದ ಕಂಡಿಕೆ ಸುತ್ತುತ್ತಿದ್ದೇನೆ. ಕಂಡಿಕೆ ಅಂದರೆ ಅಡ್ಡ ಎಳೆಯ ನೂಲು ಸುತ್ತುವ ಸಣ್ಣ ಕೊಳವೆ. ಅದನ್ನು ಹೊತ್ತು ಮಗ್ಗದಲ್ಲಿ ಅತ್ತಿತ್ತ ಓಡುವುದು ಲಾಳಿ. ಇಳಕಲ್ ಸೀರೆ ಅಂದರೆ ಎಲ್ಲರೂ ಕೆಂಪು ಸೆರಗು, ಸೆರಗಿನ ತೋಪು ತೆನೆ ವಿನ್ಯಾಸ, ಒಡಲಿಗೆ ಸೆರಗು ಕೂಡಿಸುವ ಕೊಂಡಿ ಅಂತ ಮಾತಾಡುತ್ತಾರೆ. ಕಂಡಿಕೆಯ ಮಾತು ಯಾರೂ ಆಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಮೋಟಾರ್ ಹಚ್ಚಿ ಸುತ್ತಿದ ನನ್ನ ಕಂಡಿಕೆ ಈಗ ನಮ್ಮ ಮಗ್ಗದಲ್ಲಿ, ಪಕ್ಕದ ಮೂರು ಮಗ್ಗಗಳಲ್ಲಿ ಓಡುತ್ತಿದೆ. ಆಗುವುದೇ ಇಲ್ಲ ಅಂದವರ ಮಗ್ಗವೂ ಆ ಮೂರರಲ್ಲಿ ಒಂದು.

ಮೊದಲು ಲೆಕ್ಕ. ನಮ್ಮ ಸೀರೆಯ ಒಡಲಿಗೆ 80ರ ನಂಬರಿನ ಸಣ್ಣ ಹತ್ತಿ ನೂಲು ಹೊಕ್ಕು, ಅಂದರೆ ಅಡ್ಡ ಎಳೆ. ಒಂದು ಸೀರೆಗೆ 20–21 ಲಡಿ (ನೂಲಿನ ಸುರುಳಿ ಕಟ್ಟು) ಹೋಗುತ್ತದೆ. ಲಡಿಗೆ 3 ಕಂಡಿಕೆ ಹಿಡಿದರೆ 60ರ ಮೇಲಾಯಿತು. ರಾಟೆಯಲ್ಲಿ ಒಂದು ಕಂಡಿಕೆಗೆ, ಎಳೆ ಹರಿದದ್ದು, ಗಂಟು ಹಾಕಿದ್ದು ಎಲ್ಲ ಸೇರಿ 5 ನಿಮಿಷ. ಒಂದು ಸೀರೆಗೆ 5 ತಾಸು ಬಲಗೈ ತಿರುಗಿಸುತ್ತಲೇ ಇರಬೇಕು. ಹೊರಗಿನವರಿಗೆ ಸುತ್ತಿಕೊಟ್ಟರೆ ಇಷ್ಟಕ್ಕೆ 80 ರೂಪಾಯಿ ಆಸುಪಾಸು. ಮೂರು ವರ್ಷದ ಹಿಂದೆ ಬಲ ಭುಜ ಹಿಡಿದುಕೊಂಡಿತು. ಕೈ ಎತ್ತಿ ಜಡೆ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಡಾಕ್ಟರು "ಕೈಗೆ ವಿಶ್ರಾಂತಿ ಕೊಡಿ" ಅಂದರು. ಕೊಡಬಹುದಿತ್ತು, ಮಗ್ಗ ಕಂಡಿಕೆ ಕೇಳದೇ ಇದ್ದಿದ್ದರೆ.

ಪೇಟೆಯಲ್ಲಿ ಕರೆಂಟಿನ ಕಂಡಿಕೆ ಯಂತ್ರ ಸಿಗುವುದಿಲ್ಲ ಅಂತಲ್ಲ. ಸಿಗುತ್ತದೆ. ನಾನು ನೋಡಿದ್ದಕ್ಕೆ ಆರೇಳು ಕದಿರು, ಅಂದರೆ ಕಂಡಿಕೆ ಸಿಕ್ಕಿಸಿ ತಿರುಗಿಸುವ ಕಡ್ಡಿ, ಇದ್ದವು. ಬೆಲೆ ಕೇಳಿ ಸುಮ್ನೆ ಎದ್ದು ಬಂದೆ. ಅದೂ ಅಲ್ಲದೆ ಆ ಕದಿರು ಪವರ್‌ಲೂಮಿನ ಕಂಡಿಕೆಯ ಅಳತೆಯದು. ನಮ್ಮ ಕಟ್ಟಿಗೆಯ ಕಂಡಿಕೆ ಅದರ ಮೇಲೆ ಗಡಗಡ ಅನ್ನುತ್ತದೆ.

ಮನೆಯಲ್ಲೇ ಮಾಡೋಣ ಅಂದಾಗ ನಕ್ಕವರೇ ಜಾಸ್ತಿ. ಅತ್ತೆ, "ರಾಟಿ ಬಿಟ್ಟು ಮನಿಯಾಗ ಗಿರಣಿ ಹಚ್ಚತೀಯೇನ?" ಅಂದರು. ಪಕ್ಕದ ಮಗ್ಗದ ಕಾಕಾ ಅಂತೂ ತೀರ್ಪೇ ಕೊಟ್ಟುಬಿಟ್ಟರು: "ಯವ್ವಾ, ಮೋಟಾರಿನ ಕಂಡಿಕಿ ಲಾಳ್ಯಾಗ ನಿಲ್ಲೂದಿಲ್ಲ. ಹದ ಅನ್ನೂದು ಕೈಗೆ ಇರತೈತಿ, ಕರೆಂಟಿಗೇನ ಗೊತ್ತು?" ಆಗ ಸಿಟ್ಟು ಬಂತು. ಆಮೇಲೆ ತಿಳಿಯಿತು, ಕಾಕಾ ಅರ್ಧ ಸರಿ ಹೇಳಿದ್ದರು.

ಮೊದಲು ತಂದದ್ದು ಗುಜರಿಯಿಂದ ಮಿಕ್ಸಿಯ ಮೋಟಾರು, 150 ರೂಪಾಯಿ. ಮೈದುನ ವೈರಿಂಗ್ ಕೆಲಸ ಮಾಡುತ್ತಾನೆ, ಜೋಡಿಸಿಕೊಟ್ಟ. ಸ್ವಿಚ್ ಹಾಕಿದ ಕೂಡಲೇ ಕಂಡಿಕೆ ಕದಿರಿನಿಂದ ಕಿತ್ತು ಹಾರಿ ಗೋಡೆಯ ಕ್ಯಾಲೆಂಡರ್‌ಗೆ ಬಡಿಯಿತು. ಸೀಳಿ ಎರಡು ಹೋಳು. ಚಟ್ನಿ ಅರೆಯುವ ವೇಗ ಅದು, ನೂಲು ಸುತ್ತುವುದಲ್ಲ. ನನ್ನ ಕಣ್ಣಿಗೆ ಬಡಿಯಲಿಲ್ಲ ಅನ್ನುವುದೇ ಪುಣ್ಯ.

ಎರಡನೆಯದು ಹಳೆಯ ಟೇಬಲ್ ಫ್ಯಾನಿನ ಮೋಟಾರು, 200. ಶಾಂತವಾಗಿ ತಿರುಗುತ್ತದೆ, ಸಪ್ಪಳ ಇಲ್ಲ. ಆದರೆ ವೇಗ ಇಳಿಸಿದರೆ ಶಕ್ತಿಯೂ ಇಳಿಯಿತು. ಲಡಿಯಲ್ಲಿ ಒಂದು ಸಣ್ಣ ಸಿಕ್ಕು ಬಂದರೂ ನಿಂತು ಗೊರ್ ಅನ್ನುತ್ತಿತ್ತು. ಇನ್ನೊಂದು ತೊಂದರೆ, ಸ್ವಿಚ್ ತೆಗೆದ ಮೇಲೂ ತಿರುಗುತ್ತಲೇ ಇರುತ್ತದೆ. ಎಳೆ ಹರಿದದ್ದು ಕಂಡು ನಿಲ್ಲಿಸುವಷ್ಟರಲ್ಲಿ ಹರಿದ ತುದಿ ಒಳಗೆ ಎಲ್ಲೋ ಹೂತುಹೋಗಿರುತ್ತದೆ. ಅದನ್ನು ಹುಡುಕಿ ತೆಗೆಯುವುದು ಎಂಥ ಕರ್ಮ ಅಂತ ನಿಮಗೆ ಹೇಳಬೇಕಿಲ್ಲ.

ದಾರಿ ತೋರಿಸಿದ್ದು ನಮ್ಮ ಓಣಿಯ ಟೇಲರ್ ಅಕ್ಕ. ಅವಳ ಹೊಲಿಗೆ ಯಂತ್ರದ ಮೋಟಾರು ಕಾಲಿನ ಮಾತು ಕೇಳುತ್ತದೆ. ಒತ್ತಿದಷ್ಟು ಓಡುತ್ತದೆ, ಕಾಲು ಎತ್ತಿದರೆ ನಿಲ್ಲುತ್ತದೆ. ಎರಡೂ ಕೈ ಖಾಲಿ! ಕೂಡಲೇ ಒಂದು ಸೆಕೆಂಡ್ ಹ್ಯಾಂಡ್ ಮೋಟಾರು 700ಕ್ಕೆ ತಂದೆವು. ಕದಿರನ್ನು ಅದರ ತುದಿಗೆ ನೇರವಾಗಿ ಕೂಡಿಸಿದೆವು. ದಡ್ಡತನ ಮಾಡಿದ್ದು ಇಲ್ಲೇ. ನೇರ ಕೂಡಿಸಿದರೆ ವೇಗ ಜಾಸ್ತಿ, ಹಾಗಾಗಿ ಪೆಡಲನ್ನು ಯಾವಾಗಲೂ ಅರ್ಧಕ್ಕಿಂತ ಕಡಿಮೆ ಒತ್ತಬೇಕು. ಅರ್ಧ ಒತ್ತಿದ ಪೆಡಲ್ ಒಳಗೊಳಗೇ ಕಾಯುತ್ತದೆ. ನಾಲ್ಕನೇ ದಿನ ಅಂಗಾಲು ಸುಟ್ಟಿತು. ಆರನೇ ದಿನ ಮೋಟಾರೇ ವಾಸನೆ ಬಂದು ಹೋಯಿತು. 700 ರೂಪಾಯಿ ನೀರಲ್ಲಿ.

ನಮ್ಮ ಮನೆಯವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಜಾಸ್ತಿ ಚುಚ್ಚಿತು.

ಮೂರು ತಿಂಗಳು ಬಿಟ್ಟು, ಮಹಿಳಾ ಸಂಘದ ಸಾಲದಲ್ಲಿ ಹೊಸ ಮೋಟಾರು ಪೆಡಲ್ ಸಮೇತ ತಂದೆ, 1450. ಈ ಸಲ ನಡುವೆ ಬೆಲ್ಟ್ ಹಾಕಿದೆವು. ಮೋಟಾರಿನ ಪುಲ್ಲಿ ಸಣ್ಣದು, ಕದಿರಿನ ಪುಲ್ಲಿ ಅದರ ಎರಡರಷ್ಟು ದೊಡ್ಡದು. ರಾಟೆಯ ಲೆಕ್ಕಕ್ಕೆ ಪೂರ್ತಿ ಉಲ್ಟಾ ನೋಡಿ. ರಾಟೆಯಲ್ಲಿ ದೊಡ್ಡ ಗಾಲಿ ಸಣ್ಣ ಕದಿರನ್ನು ಓಡಿಸುತ್ತದೆ, ಇಲ್ಲಿ ಸಣ್ಣದು ದೊಡ್ಡದನ್ನು ತಿರುಗಿಸಬೇಕು. ಈಗ ಪೆಡಲ್ ಪೂರ್ತಿ ಒತ್ತಿದರೂ ಕದಿರು ಹದದಲ್ಲೇ ಓಡುತ್ತದೆ. ಮೋಟಾರು ಕಾಯುವುದಿಲ್ಲ. ಆದರೂ 10 ಕಂಡಿಕೆಗೆ ಒಮ್ಮೆ ಬಿಡುವು ಕೊಡುತ್ತೇನೆ. ಅದಕ್ಕೂ ಬೇಕು, ನನಗೂ ಬೇಕು.

ಕದಿರಿನದ್ದು ಇನ್ನೊಂದು ಕತೆ. ಮೊದಲು ಛತ್ರಿಯ ಕಡ್ಡಿಯಲ್ಲಿ ಮಾಡಿದ್ದು ನೋಡಲು ನೆಟ್ಟಗಿತ್ತು, ತಿರುಗಿದಾಗ ಹಾವಿನ ಹಾಗೆ ಹೊರಳಿತು. ಆಮೇಲೆ ಲೇತ್‌ನವನ ಹತ್ತಿರ 350 ಕೊಟ್ಟು ಒಂದು ಮಾಡಿಸಿದೆ. ಅವನು ಉದ್ದಕ್ಕೂ ಒಂದೇ ದಪ್ಪ ಇಟ್ಟುಬಿಟ್ಟ. ಕಂಡಿಕೆ ಹಾಕಿದರೆ ಜಾರುತ್ತದೆ, ಒತ್ತಿ ಕೂಡಿಸಿದರೆ ಬಿಚ್ಚಲು ಬರುವುದಿಲ್ಲ. ಎರಡನೇ ಸಲ ಅತ್ತೆಯ ರಾಟೆಯ ಹಳೆಯ ಕದಿರನ್ನೇ ಕಿತ್ತು ಕೊಂಡೊಯ್ದು "ಇದರ ಇಳಿಜಾರು ಹೀಗೇ ಬರಬೇಕು" ಅಂದೆ. ಅದು 80–90 ವರ್ಷದ ಹಳೆಯದು ಅಂತ ಅತ್ತೆ ಹೇಳುತ್ತಾರೆ. ಮಾಡಿದ ಕಮ್ಮಾರ ಯಾರೋ ಏನೋ, ಅವನ ಅಳತೆಗೆ ಇವತ್ತಿನ ಲೇತ್ ತಲೆಬಾಗಿತು. ಪುಲ್ಲಿ ಸೇರಿ 600. ಎರಡು 608 ನಂಬರಿನ ಬೇರಿಂಗ್, ಒಂದಕ್ಕೆ 40ರಂತೆ. ಕದಿರಿನ ಇಳಿಜಾರು ಎಷ್ಟು ಅಂತ ಬಹಳ ಜನ ಕೇಳಿದ್ದಾರೆ. ನಿಮ್ಮ ಮನೆಯ ರಾಟೆ ಇದೆಯಲ್ಲ, ಅದನ್ನೇ ಕೇಳಿ.

ಇಷ್ಟಾದ ಮೇಲೂ ಕಾಕಾನ ಮಾತು ನಿಜವಾಯಿತು. ಕಂಡಿಕೆ ನೋಡಲು ಚಂದ, ಲಾಳಿಯಲ್ಲಿ ಮಾತ್ರ ನಿಲ್ಲಲಿಲ್ಲ. ಎಳೆ ಸುರುಳಿ ಸುರುಳಿಯಾಗಿ ಒಮ್ಮೆಲೇ ಜಾರಿ ಹಾಸಿನಲ್ಲಿ (ಮಗ್ಗದ ಉದ್ದ ಎಳೆಗಳಲ್ಲಿ) ಗೊಂಚಲಾಗಿ ಕೂರುತ್ತಿತ್ತು. ಆ ಗೊಂಚಲು ಉಳಿದುಕೊಂಡ ಒಂದು ಸೀರೆಗೆ ಸಾಹುಕಾರರು ಮಜೂರಿಯಲ್ಲಿ 400 ಹಿಡಿದರು. ಮನೆಯವರು ಎರಡು ದಿನ ರಾಟೆಯ ಕಂಡಿಕೆಯನ್ನೇ ಕೇಳಿದರು.

ರಾಟೆಯ ಮುಂದೆ ಕೂತು ನನ್ನ ಕೈಯನ್ನೇ ನೋಡಿದೆ. ಇಷ್ಟು ವರ್ಷ ಸುತ್ತಿದ್ದರೂ ಎಡಗೈ ಏನು ಮಾಡುತ್ತದೆ ಅಂತ ಅದುವರೆಗೆ ನೋಡಿರಲಿಲ್ಲ. ಅದು ಮೊದಲು ಬುಡದಲ್ಲಿ ಗೋಪುರದ ಹಾಗೆ ಒಂದು ಇಳಿಜಾರು ಕಟ್ಟುತ್ತದೆ. ಆಮೇಲೆ ಒಂದು ಬೆರಳಗಲ ಮಾತ್ರ ಹಿಂದೆ ಮುಂದೆ ಆಡುತ್ತ, ಆ ಇಳಿಜಾರಿನ ಮೇಲೇ ಕೂರಿಸುತ್ತ ತುದಿಯ ಕಡೆ ಸರಿಯುತ್ತದೆ. ಯಂತ್ರದ ಮುಂದೆ ಕೂತಾಗ ವೇಗದ ಗಡಿಬಿಡಿಯಲ್ಲಿ ನಾನು ಈ ತುದಿಯಿಂದ ಆ ತುದಿಗೆ ಉದ್ದಕ್ಕೂ ಓಡಿಸುತ್ತಿದ್ದೆ, ಹೊಲಿಗೆ ಯಂತ್ರದ ಬಾಬಿನ್ ತುಂಬಿದ ಹಾಗೆ. ಬಾಬಿನ್ ತಾನೇ ತಿರುಗಿ ಎಳೆ ಬಿಡುತ್ತದೆ, ಅದಕ್ಕೆ ನಡೆಯುತ್ತದೆ. ನಮ್ಮ ಲಾಳಿಯಲ್ಲಿ ಕಂಡಿಕೆ ತಿರುಗುವುದಿಲ್ಲ, ಎಳೆ ತುದಿಯಿಂದ ಜಾರಿ ಬರುತ್ತದೆ. ಉದ್ದಕ್ಕೂ ಸುತ್ತಿದರೆ ಮೇಲಿನ ಎಳೆ ಬರುವಾಗ ಕೆಳಗಿನದನ್ನೂ ಎಳೆದುಕೊಂಡು ಬರುತ್ತದೆ. ಅಷ್ಟೇ ಗುಟ್ಟು. ಮೋಟಾರಿನ ತಪ್ಪಲ್ಲ, ನನ್ನ ಎಡಗೈಯ ತಪ್ಪು.

ಈಗ ಎಳೆ ದಾಟಿಸಲು ಒಂದು ಕಬ್ಬಿಣದ ಸರಳು, ಅದರ ಮೇಲೆ ಜಾರುವ, ಎಳೆ ತೂರುವ ಒಂದು ಕಣ್ಣು. ಆ ಕಣ್ಣನ್ನು ಎಡಗೈಯಲ್ಲಿ ಹಿಡಿದು ಬೆರಳಗಲ ಆಡಿಸುತ್ತೇನೆ. ಆ ಕಣ್ಣನ್ನು ಏನೇನರಲ್ಲೋ ಮಾಡಿ ನೋಡಿದೆ. ಪ್ಲಾಸ್ಟಿಕ್ಕಿಗೆ ನೂಲೇ ಗೀರು ಬೀಳಿಸಿತು, ಎರಡು ದಿನದಲ್ಲಿ ಗರಗಸದಂತಾಯಿತು. ತಂತಿಯ ಕೊಂಡಿ ತುಕ್ಕು ಹಿಡಿದು ನೂಲಿಗೆ ಕಲೆ ಮಾಡಿತು. ಕೊನೆಗೆ ಗಾಜಿನ ಬಳೆ! ಬನಶಂಕರಿ ಜಾತ್ರೆಯಲ್ಲಿ ತೊಡಿಸಿಕೊಂಡ ಹಸಿರು ಬಳೆಗಳಲ್ಲಿ ಒಂದನ್ನು ಬಿಚ್ಚಿ ಇಡಿಯಾಗಿಯೇ ಕಟ್ಟಿದೆ. ಎಳೆ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ನೇಕಾರರ ತಾಯಿ ಬನಶಂಕರಿ, ಅವಳೇ ಕೈ ಹಿಡಿದಳು ಅಂತ ಅತ್ತೆ ಹೇಳುತ್ತಾರೆ. ನಾನು ಗಾಜಿನ ನುಣುಪು ಅನ್ನುತ್ತೇನೆ. ಆದರೆ ಜೋರಾಗಿ ಹೇಳುವುದಿಲ್ಲ.

ಎಳೆಯ ಬಿಗಿಗೆ ಎರಡು ಸ್ಟೀಲ್ ವಾಷರ್, ಅವುಗಳನ್ನು ಒತ್ತಲು ಬಾಲ್‌ಪೆನ್ನಿನ ಸ್ಪ್ರಿಂಗ್. ಹೊಲಿಗೆ ಯಂತ್ರದಲ್ಲಿ ಇರುವಂಥದ್ದೇ. ಸಡಿಲಾದರೆ ಕಂಡಿಕೆ ಹೂವಿನಂತೆ ಅರಳುತ್ತದೆ, ಬಿಗಿಯಾದರೆ ದಡಿ ಒಳಗೆ ಎಳೆದುಕೊಂಡು ಸೀರೆಯ ಅಗಲ ಕಡಿಮೆಯಾಗುತ್ತದೆ. ನಾನು ಹೆಬ್ಬೆರಳಿನಿಂದ ಕಂಡಿಕೆ ಒತ್ತಿ ನೋಡುತ್ತೇನೆ. ಹಸಿ ಬದನೆಕಾಯಿಯಷ್ಟು ಗಟ್ಟಿ ಇದ್ದರೆ ಸರಿ.

ಲಡಿ ಹಾಕಿ ನೂಲು ಬಿಚ್ಚುವ ಲಡಿ ಗಾಲಿಗೆ ಸೈಕಲ್ಲಿನ ಹಬ್ ಹಾಕಿದೆ, 100 ರೂಪಾಯಿ. ಬಿದಿರಿನ ಸೀಳು ಮನೆಯದೇ. ಹಳೆಯ ಗಾಲಿ ಗಟ್ಟಿ ತಿರುಗುತ್ತಿತ್ತು, ಮೋಟಾರಿನ ಎಳೆತಕ್ಕೆ ಎಳೆ ಹರಿಯುತ್ತಿತ್ತು. ಹಬ್ ಹಾಕಿದ ಮೇಲೆ ಉಲ್ಟಾ ತೊಂದರೆ. ಕಾಲು ಎತ್ತಿದರೂ ಗಾಲಿ ತನ್ನ ಪಾಡಿಗೆ ಓಡಿ ನೂಲನ್ನು ನೆಲಕ್ಕೆ ಚೆಲ್ಲುತ್ತಿತ್ತು. ಹಬ್ಬಿನ ಮೇಲೆ ಒಂದು ಬಟ್ಟೆಯ ಪಟ್ಟಿ ಹಾಯಿಸಿ, ಅದರ ತುದಿಗೆ ತಕ್ಕಡಿಯ 50 ಗ್ರಾಂ ಬಟ್ಟು ಕಟ್ಟಿದೆ. ನಿಂತಿತು.

ಬೆಲ್ಟಿನ ವಿಷಯ ಒಂದೇ ಮಾತು. ಸೈಕಲ್ ಟ್ಯೂಬು ಕತ್ತರಿಸಿ ಹಾಕಿದ್ದು ಮಳೆಗಾಲದಲ್ಲಿ ಜಾರುತ್ತದೆ. ನನ್ನದು ಜಾರುವುದಿಲ್ಲ. ಅದಕ್ಕೆ ಏನು ಸವರುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಬೆಲ್ಟಿಗೆ ಎಣ್ಣೆ ಡಬ್ಬಿಯ ತಗಡಿನ ಮುಚ್ಚಳ ಮಾತ್ರ ಮರೆಯದೆ ಹಾಕಿ. ನನ್ನ ಸೆರಗಿನ ಚುಂಗು ಒಮ್ಮೆ ಒಳಗೆ ಹೋಗಿತ್ತು. ಅರ್ತಿಂಗ್ ವೈರನ್ನೂ ಬಿಡಬೇಡಿ. ನಮ್ಮ ಮಗ್ಗದ ಕೋಣೆಯ ನೆಲ ಯಾವಾಗಲೂ ಹಸಿ.

ನಡುವೆ ಒಂದು ಹುಚ್ಚು ಹತ್ತಿತು. ಒಂದು ಲಡಿಯ ಮೂರೂ ಕಂಡಿಕೆ ಸಮ ಬರಬೇಕು ಅಂತ. ಮಗಳು 90 ರೂಪಾಯಿಯ ಕ್ಯಾಲ್ಕುಲೇಟರ್ ಬಿಚ್ಚಿ, ಸಮ ಚಿಹ್ನೆಯ ಗುಂಡಿಯಿಂದ ಎರಡು ವೈರು ಹೊರಗೆ ತೆಗೆದಳು. ತುದಿಗೆ ಅಯಸ್ಕಾಂತ ಹತ್ತಿರ ಬಂದಾಗ ಕೂಡುವ ರೀಡ್ ಸ್ವಿಚ್, ಲಡಿ ಗಾಲಿಗೆ ಕಂಪಾಸ್ ಬಾಕ್ಸಿನ ಅಯಸ್ಕಾಂತ. 1 + 1 ಒತ್ತಿ ಬಿಟ್ಟರೆ ಗಾಲಿ ಸುತ್ತಿದಂತೆ ತಾನೇ ಎಣಿಸುತ್ತ ಹೋಗುತ್ತದೆ. ಕದಿರಿಗೆ ಕಟ್ಟಿದರೆ ಆ ವೇಗಕ್ಕೆ ಎಣಿಕೆ ತಪ್ಪುತ್ತದೆ, ಗಾಲಿಗೇ ಕಟ್ಟಬೇಕು. ಲಡಿ ಅಂದರೆ 840 ಗಜ, ಗಾಲಿಯ ಒಂದು ಸುತ್ತು ಒಂದೂವರೆ ಗಜ, 560 ಸುತ್ತು. ಮೂರು ಪಾಲು ಮಾಡಿದರೆ 187 ಹತ್ತತ್ರ. ಕಂಡಿಕೆ ಸಮ ಬಂದವು. ಜೊತೆಗೆ ಇನ್ನೊಂದು ಬಯಲಾಯಿತು. ಎಷ್ಟೋ ಲಡಿಯಲ್ಲಿ 560 ಇಲ್ಲವೇ ಇಲ್ಲ. 530, 525, ಒಂದರಲ್ಲಿ 510. ಹರಿದು ಹೋದದ್ದು ಕಳೆದರೂ ಇಷ್ಟು ಕಡಿಮೆ ಆಗುವುದಿಲ್ಲ. ನೂಲು ಕೊಟ್ಟವರಿಗೆ ಹೇಳಿದರೆ "ನಿನ್ನ ಕ್ಯಾಲ್ಕುಲೇಟರ್ ಸುಳ್ಳು" ಅಂದರು. ಮುಂದಿನ ಸಲ ಬಂದ ಲಡಿಗಳಲ್ಲಿ 555ಕ್ಕಿಂತ ಕಡಿಮೆ ಒಂದೂ ಇರಲಿಲ್ಲ.

ಖರ್ಚು ನೆನಪಿದ್ದಷ್ಟು: ಈಗಿನ ಯಂತ್ರಕ್ಕೆ ವೈರು, ಸ್ವಿಚ್ಚು, ಕ್ಯಾಲ್ಕುಲೇಟರ್ ಸೇರಿ 2500. ಹಲಗೆ ಹಳೆಯ ಮಗ್ಗದ್ದು. ಹಾಳು ಮಾಡಿದ್ದು, ಸಾಹುಕಾರರು ಹಿಡಿದದ್ದೂ ಸೇರಿ, 1800. ಈಗ ಕಂಡಿಕೆಗೆ 2 ನಿಮಿಷ. ಸೀರೆಗೆ ಎರಡು ತಾಸು ಸಾಕು. ಉಳಿದ ಹೊತ್ತಿನಲ್ಲಿ ಮೂರು ಮಗ್ಗದವರಿಗೆ ಸುತ್ತಿಕೊಡುತ್ತೇನೆ. ಹಾಕಿದ ದುಡ್ಡು ಐದಾರು ತಿಂಗಳಲ್ಲಿ ಬಂತು. ಕರೆಂಟ್ ಬಿಲ್ಲಿನಲ್ಲಿ ಏರಿದ್ದು ಕಣ್ಣಿಗೆ ಬೀಳುವಷ್ಟಿಲ್ಲ. ಭುಜ ಪೂರ್ತಿ ಗುಣವಾಗಿಲ್ಲ, ಜಡೆ ಮಾತ್ರ ನಾನೇ ಹಾಕಿಕೊಳ್ಳುತ್ತೇನೆ.

ಸೆರಗಿನ ರೇಷ್ಮೆಯನ್ನು ಇನ್ನೂ ಮೋಟಾರಿಗೆ ಕೊಟ್ಟಿಲ್ಲ. ಒಮ್ಮೆ ಕೊಟ್ಟು ಅರ್ಧ ಲಡಿ ಸಿಕ್ಕು ಮಾಡಿದ್ದೇನೆ, ಅದರ ಬೆಲೆ ಬರೆಯಲು ಮನಸ್ಸಿಲ್ಲ. ಅದನ್ನು ಅತ್ತೆಯೇ ರಾಟೆಯಲ್ಲಿ ಸುತ್ತುತ್ತಾರೆ. ಕರೆಂಟ್ ಹೋದಾಗ ನಾನೂ ಅದರ ಮುಂದೆಯೇ ಕೂರುತ್ತೇನೆ. ಮೊನ್ನೆ ಸಂತೆಯಿಂದ ಬಂದಾಗ ಒಳಗೆ ಮೋಟಾರಿನ ಸಪ್ಪಳ. ಇಣುಕಿದೆ. ಅತ್ತೆ ಪೆಡಲಿನ ಮೇಲೆ ಕಾಲಿಟ್ಟು ಕೂತಿದ್ದರು. ನನ್ನನ್ನು ನೋಡಿ, "ಬೆಲ್ಟ್ ಸಡ್ಲ ಆಗೇತಿ, ನೋಡು" ಅಂದರು. ನೋಡಿದೆ. ನಿಜಕ್ಕೂ ಸಡಿಲಾಗಿತ್ತು.