ಆಸ್ಪತ್ರೆಯಲ್ಲಿ ಇಲ್ಲದ ಹುದ್ದೆಗೆ ಸೇರಿದ ಎಂಎಸ್‌ಡಬ್ಲ್ಯೂ: ನನ್ನ ಅನುಭವ

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದವರಿಗೆ ಎಚ್‌ಆರ್ ಬಿಟ್ಟರೆ ಗತಿ ಇಲ್ಲ ಅಂತ ನಮ್ಮ ಬ್ಯಾಚಿನವರೆಲ್ಲ ಹೇಳುತ್ತಿದ್ದರು. ನಾನು ಮೆಡಿಕಲ್ ಸೋಷಿಯಲ್ ವರ್ಕರ್ (ಆಸ್ಪತ್ರೆಯಲ್ಲಿ ರೋಗಿಗಳ ಹಣದ, ಮನೆಯ ತೊಂದರೆಗೆ ದಾರಿ ಹುಡುಕುವವಳು) ಆಗಿ ನಾಲ್ಕು ವರ್ಷ ದಾಟಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಗದಗ ಕಡೆ ಒಂದು ಎನ್‌ಜಿಒದಲ್ಲಿ 9 ಸಾವಿರಕ್ಕೆ ಸೇರಿದ್ದೆ. ದೊಡ್ಡ ಸಂಸ್ಥೆಯೊಂದರಿಂದ ಬರುತ್ತಿದ್ದ ವಿದೇಶಿ ಹಣ ಅದು. 2020ರಲ್ಲಿ ಎಫ್‌ಸಿಆರ್‌ಎಗೆ (ವಿದೇಶಿ ದೇಣಿಗೆ ನಿಯಂತ್ರಿಸುವ ಕಾಯ್ದೆ) ತಿದ್ದುಪಡಿ ಬಂತು, ಅಂಥ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ ಅಂತಾಯಿತು. ಪ್ರಾಜೆಕ್ಟ್ ನಿಂತಿತು. ಮೂರು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ. ಮಾನಸಿಕ ಆರೋಗ್ಯದ ಕಡೆ ಹೋಗೋಣ ಅಂದರೆ ಎಂಫಿಲ್ ಬೇಕು, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಹಾಗಿದೆ. ಎರಡು ಸಲ ಪ್ರವೇಶ ಪರೀಕ್ಷೆ ಬರೆದೆ, ಸೀಟು ಸಿಗಲಿಲ್ಲ. ಅವ್ವ ಬಿ.ಎಡ್ ಮಾಡು ಅಂತ ಹಟ ಹಿಡಿದಳು.

ಹುಬ್ಬಳ್ಳಿಯ ಒಂದು ಟ್ರಸ್ಟ್ ಆಸ್ಪತ್ರೆಗೆ ಹೋಗಿ ಕೇಳಿದೆ: ಆರು ತಿಂಗಳು ಬಸ್ ಚಾರ್ಜ್ ಅಷ್ಟೇ ಕೊಡಿ, ಆಮೇಲೆ ನೋಡೋಣ. 4 ಸಾವಿರಕ್ಕೆ ಒಪ್ಪಿದರು. ಬಿಲ್ಲಿಂಗ್‌ನ ಹಿರಿಯರೊಬ್ಬರು, "ಸ್ಕೀಮಿನ ಕೆಲಸಕ್ಕೆ ಆರೋಗ್ಯ ಮಿತ್ರ ಇದ್ದಾರಲ್ಲ ತಂಗಿ, ನೀನೇನು ಮಾಡ್ತಿ?" ಅಂದರು. ಸ್ಕೀಮ್ ಅಂದರೆ ಸರ್ಕಾರದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ, ಆಸ್ಪತ್ರೆಯಲ್ಲಿ ಅದರ ಕೆಲಸ ನೋಡುವವರು ಆರೋಗ್ಯ ಮಿತ್ರ.

ಮೊದಲ ಎರಡು ತಿಂಗಳು ಪೂರ್ತಿ ವ್ಯರ್ಥ. ಫೀಲ್ಡ್‌ವರ್ಕ್‌ನಲ್ಲಿ ಕಲಿತ ಹಾಗೆ ವಾರ್ಡಿನಲ್ಲಿ ಕೂತು ಉದ್ದುದ್ದ ಕೇಸ್ ಹಿಸ್ಟರಿ ಬರೆದೆ. ಯಾರೂ ಓದಲಿಲ್ಲ. ಅಷ್ಟರಲ್ಲಿ ಒಬ್ಬ ಅಜ್ಜಿ ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಬಂದರು. ಬಿಪಿಎಲ್ ಕಾರ್ಡ್ ಇತ್ತು. ಆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ನೇರ ಅಡ್ಮಿಟ್ ಆಗಿದ್ದರು, ಹಾಗಾಗಿ ಸ್ಕೀಮಿನ ಹಣ ಸಿಗಲಿಲ್ಲ. ನನಗೆ ಗೊತ್ತಾಗುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಮಗ ಹೆಂಡತಿಯ ಬೋರಮಾಳ ಒತ್ತೆ ಇಟ್ಟು ಸುಮಾರು 45 ಸಾವಿರ ಕಟ್ಟಿದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನವೇ ಕುರ್ಚಿಯನ್ನು ವಾರ್ಡಿನಿಂದ ಎತ್ತಿ ಓಪಿಡಿ ಚೀಟಿ ಮಾಡಿಸುವ ಕೌಂಟರ್ ಪಕ್ಕ ಹಾಕಿಕೊಂಡೆ. ನನ್ನ ವಿಧಾನ ಇಷ್ಟೇ. ಅಡ್ಮಿಟ್ ಆಗುವ ಮುಂಚೆ ರೇಷನ್ ಕಾರ್ಡ್, ಆಧಾರ್ ಎರಡರಲ್ಲೂ ಹೆಸರು ಒಂದೇ ಇದೆಯಾ ನೋಡುವುದು. ಎಮರ್ಜೆನ್ಸಿ ಅಲ್ಲದಿದ್ದರೆ ಅವತ್ತೇ ರೆಫರಲ್‌ಗೆ ಕಳಿಸುವುದು. ಎಪಿಎಲ್‌ನವರಿಗೆ ಪ್ಯಾಕೇಜ್‌ನ (ಆ ಚಿಕಿತ್ಸೆಗೆ ಸ್ಕೀಮ್ ಗೊತ್ತುಮಾಡಿದ ದರ) ಶೇ. 30 ಮಾತ್ರ ಸಿಗುತ್ತದೆ, ಉಳಿದದ್ದಕ್ಕೆ ಮೊದಲೇ ಎಸ್ಟಿಮೇಟ್ ಬರೆಸಿ ಮುಖ್ಯಮಂತ್ರಿ ಪರಿಹಾರ ನಿಧಿ, ಟ್ರಸ್ಟ್‌ಗಳು ಅಂತ ಓಡುವುದು. ಯಾವ ಟ್ರಸ್ಟ್‌ಗೆ ಯಾವ ತಿಂಗಳು ಬರೆದರೆ ಬೇಗ ಹಣ ಬರುತ್ತದೆ ಅನ್ನೋದನ್ನು ಇಲ್ಲಿ ಹೇಳುವುದಿಲ್ಲ. ಅದು ನಾಲ್ಕು ವರ್ಷ ಓಡಾಡಿ ಗಳಿಸಿದ್ದು.

ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಯಾರು ದುಡ್ಡಿಲ್ಲದೆ ಡಾಮಾ (ವೈದ್ಯರ ಸಲಹೆ ಮೀರಿ ಡಿಸ್ಚಾರ್ಜ್) ಹೋದರು, ಯಾರು ಉಳಿದರು, ಎಷ್ಟು ಹಣ ಎಲ್ಲಿಂದ ಬಂತು. ಆರು ತಿಂಗಳಿಗೆ ಎಪ್ಪತ್ತರ ಹತ್ತಿರ ರೋಗಿಗಳು, 22-23 ಲಕ್ಷ. ತಿಂಗಳಿಗೆ ಹತ್ತು ಹನ್ನೆರಡು ಇದ್ದ ಡಾಮಾ ಮೂರು ನಾಲ್ಕಕ್ಕೆ ಇಳಿಯಿತು. ಆ ನೋಟ್‌ಬುಕ್ಕನ್ನೇ ಆಡಳಿತ ಮಂಡಳಿಯ ಮುಂದೆ ಇಟ್ಟೆ. ಹುದ್ದೆ ಹುಟ್ಟಿತು, ಸಂಬಳ 18 ಸಾವಿರ. ಈಗ 36. ಎಚ್‌ಆರ್‌ಗೆ ಹೋದ ಗೆಳತಿಗೆ 60 ದಾಟಿದೆ, ಅದೂ ನಿಜ. ದುಡ್ಡೇ ಮುಖ್ಯ ಅನ್ನುವವರು ಆ ಕಡೆ ಹೋಗುವುದೇ ಸರಿ.

ನಡುವೆ ಡಯಾಲಿಸಿಸ್ ರೋಗಿಗಳ ಮನೆಯವರನ್ನು ಶನಿವಾರ ಚಹಾಕ್ಕೆ ಸೇರಿಸಿದೆ. ಅರ್ಧ ಜನ ಬರಲೇ ಇಲ್ಲ. ಅವರ ಪಾಳಿ ಸೋಮ, ಬುಧ, ಶುಕ್ರ ಅಲ್ವಾ! ಎರಡು ಗುಂಪು ಮಾಡಿದ ಮೇಲೆ ಸರಿಹೋಯಿತು. ಕುಂದಗೋಳದ ನಾಲ್ವರು ಅಲ್ಲೇ ಮಾತಾಡಿಕೊಂಡು ಒಂದೇ ಆಟೋ ಗೊತ್ತು ಮಾಡಿದರು. ಒಬ್ಬೊಬ್ಬರಿಗೂ ವಾರಕ್ಕೆ ಸಾವಿರದಷ್ಟು ಉಳಿಯಿತು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಕಳೆದ ಜೂನ್‌ನಲ್ಲಿ ನನ್ನ ಜೊತೆಗೆ ಇನ್ನೊಂದು ಹುದ್ದೆ ಕೊಟ್ಟರು. ಜಾಹೀರಾತಿನಲ್ಲಿ "ಎಂಎಸ್‌ಡಬ್ಲ್ಯೂ ಕಡ್ಡಾಯ" ಅಂತ ನಾನೇ ಬರೆಸಿದೆ. ಸಂದರ್ಶನಕ್ಕೆ ಬಂದವರ ಕೈಗೆ ಒಂದು ರೇಷನ್ ಕಾರ್ಡ್ ಮತ್ತು ಆಧಾರ್ ಜೆರಾಕ್ಸ್ ಕೊಟ್ಟು, ತಪ್ಪು ಎಲ್ಲಿದೆ ಹುಡುಕಿ ಅಂದೆ.