ಪೆನ್‌ಡ್ರೈವಿನಲ್ಲಿ ಗಿಟ್, ಬಸ್ಸಿನಲ್ಲಿ ಪೆನ್‌ಡ್ರೈವ್: ನನ್ನ ಅನುಭವ

ಕಳೆದ ಮಳೆಗಾಲ ಜುಲೈನಲ್ಲಿ ಒಂಬತ್ತು ದಿನ ನಮ್ಮ ಕಡೆ ಕರೆಂಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಟವರ್ ಅಂತೂ ಪೂರ್ತಿ ಸತ್ತಿತ್ತು. ಆ ಒಂಬತ್ತು ದಿನದಲ್ಲಿ ನಾನು ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳನ್ನು ಇತಿಹಾಸ ಸಮೇತ ಇಟ್ಟುಕೊಳ್ಳುವ ಸಾಫ್ಟ್‌ವೇರ್) ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಕಮಿಟ್ ಮಾಡಿದೆ, ಅಂದರೆ ಅಷ್ಟು ಸಲ ಬದಲಾವಣೆಯನ್ನು ಅದರಲ್ಲಿ ದಾಖಲಿಸಿದೆ. ಕುಶಾಲನಗರದಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗ ಹತ್ತು ಹನ್ನೆರಡು ಮಾಡಿದ. ಹತ್ತನೇ ದಿನ ಎರಡನ್ನೂ ಮರ್ಜ್ ಮಾಡಿ, ಅಂದರೆ ಒಂದಾಗಿ ಬೆಸೆದು, ಗಿರಾಕಿಗೆ ಹೊಸ ವರ್ಷನ್ ಹಾಕಿಕೊಟ್ಟೆ. ನೆಟ್ ಇಲ್ಲದೆ ಗಿಟ್ ನಡೆಯುವುದಿಲ್ಲ ಅಂದಿದ್ದ ಬೆಂಗಳೂರಿನ ನಮ್ಮ ಭಾವನಿಗೆ ಫೋನ್ ಮಾಡಿ ಇದನ್ನು ಹೇಳಿದರೆ ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಅವರ ಬಾಯಿ ಕಟ್ಟಿಸಿದ ಖುಷಿಗೇ ಇದನ್ನು ಬರೆಯಲು ಕೂತಿದ್ದೇನೆ ಅಂದರೂ ಸುಳ್ಳಲ್ಲ.

ನಾನಿರುವುದು ಸೋಮವಾರಪೇಟೆ ಹತ್ತಿರ. ಕಾಫಿ ವ್ಯಾಪಾರಿಗಳಿಗೆ ಬಿಲ್ಲಿಂಗು, ತೋಟದವರಿಗೆ ಚೆಕ್‌ರೋಲು (ಆಳುಗಳ ಹಾಜರಿ, ಕೂಲಿಯ ಲೆಕ್ಕ), ಇವೆರಡೇ ನನ್ನ ಸಾಫ್ಟ್‌ವೇರ್. ಪಿಎಚ್‌ಪಿ, ಮೈಎಸ್‌ಕ್ಯೂಎಲ್, ಎಲ್ಲ ಗಿರಾಕಿಯ ಕಂಪ್ಯೂಟರಿನಲ್ಲೇ ಓಡುತ್ತದೆ. ನೆಟ್ ನಂಬಿದರೆ ಕಾಫಿ ಸೀಸನ್ನಿನಲ್ಲಿ ಚೀಲ ತೂಗಿ ನಿಂತವನಿಗೆ ಬಿಲ್ ಕೊಡಲು ಆಗುವುದಿಲ್ಲ. ಈಗ ಹನ್ನೊಂದು ಗಿರಾಕಿಗಳಿದ್ದಾರೆ. ಮೊದಲು ಹನ್ನೆರಡಿದ್ದರು. ಆ ಒಬ್ಬರು ಹೋದ ಕಥೆಯೇ ಮುಖ್ಯ ಕಥೆ.

2019ರ ಸೀಸನ್ನು ಅನಿಸುತ್ತದೆ. ಆಗ ನನ್ನ ವರ್ಷನ್ ಕಂಟ್ರೋಲ್ (ಹಳೆಯದು ಹೊಸದು ಗುರುತಿಟ್ಟು ಕಾಪಾಡುವ ಪದ್ಧತಿ) ಅಂದರೆ ಫೋಲ್ಡರುಗಳು. ‘ಬಿಲ್ಲಿಂಗ್ ಹೊಸದು’, ‘ಬಿಲ್ಲಿಂಗ್ ಇದೇ ಸರಿ’, ‘ಬಿಲ್ಲಿಂಗ್ ಇದೇ ಸರಿ 2’, ಕೊನೆಗೆ ‘ಬಿಲ್ಲಿಂಗ್ ದೇವರಾಣೆ ಫೈನಲ್’. ರೋಬಸ್ಟಾ ಚೆರಿಗೆ (ಒಣಗಿಸಿದ ಕಾಫಿ ಹಣ್ಣಿಗೆ) ರೇಟು ಓಟಿ (ಔಟ್‌ಟರ್ನ್) ಮೇಲೆ ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ಐವತ್ತು ಕೆಜಿ ಚೀಲದಲ್ಲಿ ಇಪ್ಪತ್ತಾರೂಕಾಲು ಕೆಜಿ ಕ್ಲೀನ್ ಕಾಫಿ ಬಿದ್ದರೆ ಓಟಿ 26.25, ಅದನ್ನು ಆ ದಿನದ ಪಾಯಿಂಟ್ ರೇಟಿಗೆ ಗುಣಿಸಿದರೆ ಚೀಲದ ಬೆಲೆ. ತೀರ ಹಳೆಯ ಒಂದು ಫೈಲಿನಲ್ಲಿ ನಾನು ಓಟಿಯನ್ನು ಮೇಲಿನ ಪೂರ್ಣ ಸಂಖ್ಯೆಗೆ ಏರಿಸುತ್ತಿದ್ದೆ. ಅದನ್ನು ಸರಿ ಮಾಡಿ ವರ್ಷವಾಗಿತ್ತು. ಬೇರೆ ಏನೋ ರಿಪೇರಿಗೆ ಹೋದಾಗ ಪೆನ್‌ಡ್ರೈವಿನಿಂದ ಆ ಹಳೇ ಫೈಲನ್ನೇ ಹೊಸದರ ಮೇಲೆ ಕಾಪಿ ಮಾಡಿ ಬಂದೆ. 26.25 ಹೋಗಿ 27 ಆಯಿತು. ಸುಮಾರು 190 ಚೀಲ, ಪಾಯಿಂಟಿಗೆ ನೂರಿಪ್ಪತ್ತೈದರ ಆಸುಪಾಸು. ಲೆಕ್ಕ ಹಾಕಿ: ಹದಿನೇಳು ಹದಿನೆಂಟು ಸಾವಿರ ಹೆಚ್ಚಿಗೆ ಹೋಗಿತ್ತು. ತೋಟದವರ ಕೈಗೆ ಹೋದ ದುಡ್ಡು ವಾಪಸ್ ಕೇಳುವುದುಂಟೇ? ವ್ಯಾಪಾರಿ ನನ್ನ ಬಾಕಿಯಲ್ಲಿ ಅದಷ್ಟನ್ನೂ ಮುರಿದುಕೊಂಡರು, ಮುಂದಿನ ವರ್ಷ ಬೇರೆಯವರ ಸಾಫ್ಟ್‌ವೇರ್ ಹಾಕಿಸಿಕೊಂಡರು.

ಆಗ ಭಾವನನ್ನು ಕೇಳಿದೆ. ಅವರು ದೊಡ್ಡ ಕಂಪನಿಯಲ್ಲಿರುವವರು. “ಅಲ್ಲ ಮಾರಾಯ, ಗಿಟ್ ಎಲ್ಲ ಟೀಮಿಗೆ. ನೀನೊಬ್ಬನೇ ಕೂತು ಏನು ಮಾಡ್ತೀಯ? ಅದೂ ಅಲ್ದೆ ನಿಮ್ಮಲ್ಲಿ ಮಳೆ ಹಿಡೀತು ಅಂದ್ರೆ ನೆಟ್ ಎಲ್ಲಿರುತ್ತೆ? ನೆಟ್ ಇಲ್ದೆ ಗಿಟ್ ನಡೆಯಲ್ಲ” ಅಂದರು. ಮೈಸೂರಿನಲ್ಲಿ ನಾಲ್ಕೂವರೆ ಸಾವಿರ ಕೊಟ್ಟು ಎರಡು ಶನಿವಾರ ಒಂದು ಕ್ಲಾಸಿಗೂ ಹೋದೆ. ಅಲ್ಲಿ ಮೊದಲ ದಿನವೇ ಗಿಟ್‌ಹಬ್ (ಗಿಟ್ ಕೆಲಸವನ್ನು ನೆಟ್‌ನಲ್ಲಿಟ್ಟು ಹಂಚಿಕೊಳ್ಳುವ ತಾಣ) ಅಕೌಂಟು, ಎರಡನೇ ದಿನ ಪುಲ್ ರಿಕ್ವೆಸ್ಟು (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ). ಪಾಠ ಮಾಡುವವರ ವೈಫೈ ಹೋದಾಗ ಕ್ಲಾಸೇ ನಿಂತಿತು. ಎಲ್ಲರೂ ಟೀ ಕುಡಿಯಲು ಹೋದೆವು. ಅದೇ ಟೀ ಹೊತ್ತಿನಲ್ಲಿ ನಾನು ಸುಮ್ಮನೆ ಗಿಟ್ ಲಾಗ್ (ಕಮಿಟ್‌ಗಳ ಪಟ್ಟಿ) ಹೊಡೆದು ನೋಡಿದೆ, ಬಂತು. ಡಿಫ್ (ಏನು ಬದಲಾಯಿತು ಅನ್ನುವುದು), ಬಂತು. ಕಮಿಟ್, ಆಯಿತು. ಪುಶ್ (ಬೇರೆ ಕಡೆಯ ನಕಲಿಗೆ ಕಳಿಸುವುದು) ಒಂದೇ ಆಗಲಿಲ್ಲ. ಕೊಟ್ಟ ನಾಲ್ಕೂವರೆ ಸಾವಿರ ಅಲ್ಲೇ ವಸೂಲಾಯಿತು ಅಂತ ಈಗ ಅನಿಸುತ್ತದೆ. ಆಗ ಹೊಟ್ಟೆ ಉರಿದಿತ್ತು.

2005ರಲ್ಲಿ ಬಿಟ್‌ಕೀಪರ್ ಅನ್ನುವ ಇಂಥದ್ದೇ ಸಾಫ್ಟ್‌ವೇರ್ ಪುಕ್ಕಟೆ ಸಿಗುವುದು ನಿಂತಾಗ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದದ್ದೇ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬರೆಯುವವರಿಗಾಗಿ. ದೇಶದೇಶಗಳಲ್ಲಿ ಚದುರಿ ಕೂತ ಜನ. ಪ್ರತಿಯೊಬ್ಬನ ಹತ್ತಿರವೂ ಪೂರ್ತಿ ಇತಿಹಾಸ ಇರಲಿ ಅಂತಲೇ ಅದನ್ನು ಕಟ್ಟಿದ್ದು. ಗಿಟ್‌ಹಬ್ ಬಂದದ್ದು ಅದಾದ ಮೇಲೆ. ಇದನ್ನು ಭಾವನಿಗೆ ಹೇಳಿದ್ದಕ್ಕೆ “ಓದೋಕೆ ಚೆನ್ನಾಗಿದೆ” ಅಂದರು.

ಸರಿ, ಶುರು ಮಾಡಿದೆ. ಮೊದಲ ಆರು ತಿಂಗಳು ಬರೀ ಪೆಟ್ಟು.

ಒಂದನೇ ಪೆಟ್ಟು ರಿಸೆಟ್ ಹಾರ್ಡ್, ಕೊನೆಯ ಕಮಿಟ್ಟಿನ ಆಮೇಲೆ ಮಾಡಿದ ಬದಲಾವಣೆಗಳನ್ನು ಅಳಿಸುವ ಕಮಾಂಡ್. ಎರಡು ದಿನದ ಕೆಲಸ ಕಮಿಟ್ ಮಾಡದೆ ಇಟ್ಟುಕೊಂಡು, ಯಾವುದೋ ವಿಡಿಯೋ ನೋಡಿ ಹೊಡೆದುಬಿಟ್ಟೆ. ರಿಫ್‌ಲಾಗಿನಲ್ಲಿ (ಹಳೇ ಕಮಿಟ್‌ಗಳ ಜಾಡಿನಲ್ಲಿ) ಸಿಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಕಮಿಟ್ಟೇ ಆಗದ್ದು ಅಲ್ಲಿ ಎಲ್ಲಿಂದ ಬರಬೇಕು? ಆದರೆ ಪುಣ್ಯಕ್ಕೆ ಮೂರು ಫೈಲುಗಳಿಗೆ ಆಡ್ (ಮುಂದಿನ ಕಮಿಟ್ಟಿಗೆ ಸೇರಿಸುವುದು) ಹೊಡೆದಿದ್ದೆ. ಆಡ್ ಆದ ಕ್ಷಣವೇ ಅದರ ನಕಲು ಗಿಟ್‌ನ ಆಬ್ಜೆಕ್ಟ್ಸ್ ಫೋಲ್ಡರಿನ ಒಳಗೆ ಕೂತಿರುತ್ತದೆ. ಎಫ್‌ಎಸ್‌ಸಿಕೆ ಕಮಾಂಡಿಗೆ ಲಾಸ್ಟ್ ಫೌಂಡ್ ಕೊಟ್ಟರೆ ಹೊರಗೆ ಬರುತ್ತದೆ, ಹೆಸರು ಮಾತ್ರ ಇರುವುದಿಲ್ಲ. ನಲವತ್ತೋ ಐವತ್ತೋ ಅನಾಥ ಫೈಲುಗಳನ್ನು ಒಂದೊಂದಾಗಿ ತೆರೆದು ನನ್ನ ಮೂರನ್ನು ಹುಡುಕಿದೆ. ಅವತ್ತಿನಿಂದ ಊಟಕ್ಕೆ ಏಳುವ ಮೊದಲು ಒಂದು ಕಮಿಟ್. ಅರ್ಧಂಬರ್ಧ ಇದ್ದರೂ ಸರಿ.

ಎರಡನೇ ಪೆಟ್ಟು ನೆನೆದರೆ ಈಗಲೂ ನಗು. ಮರ್ಜ್ ಕಾನ್‌ಫ್ಲಿಕ್ಟ್ ಬಂದಿತ್ತು (ಒಂದೇ ಸಾಲನ್ನು ಎರಡೂ ಕಡೆ ಬದಲಿಸಿದರೆ ಗಿಟ್ ಅಲ್ಲಿ ಬಾಣದ ಗುರುತು ಹಾಕಿ ನಮಗೇ ಬಿಡುತ್ತದೆ), ಒಂದು ಕಡೆ ಬಿಡಿಸಿದೆ, ಬಿಲ್ಲಿನ ತಲೆಬರಹದ ಫೈಲಿನಲ್ಲಿ ಇನ್ನೊಂದು ಇದ್ದದ್ದು ಕಾಣಲಿಲ್ಲ. ಹಾಗೇ ಕಮಿಟ್ ಮಾಡಿ ಸುಂಟಿಕೊಪ್ಪದ ಗಿರಾಕಿಗೆ ಹಾಕಿಕೊಟ್ಟೆ. ಮಧ್ಯಾಹ್ನ ಫೋನು: “ಏನ್ರೀ, ಬಿಲ್ಲಿನ ಮೇಲೆ ನಮ್ಮ ಅಂಗಡಿ ಹೆಸರಿಗೆ ಮೊದಲು ಏಳು ಬಾಣ ಬಂದು ಹೆಡ್ ಅಂತ ಬರ್ತಾ ಇದೆ. ನಾವೇನು ಹೆಡ್ ಆಫೀಸಾ?” ಹತ್ತಿಪ್ಪತ್ತು ಬಿಲ್ ಹಾಗೇ ಹೋಗಿತ್ತು. ಈಗ ಬಾಣ ಉಳಿದಿದ್ದರೆ ಕಮಿಟ್ಟೇ ಆಗದ ಹಾಗೆ ಒಂದು ಹುಕ್ (ಕಮಿಟ್‌ಗೆ ಮೊದಲು ತಾನೇ ಓಡುವ ಸಣ್ಣ ಪ್ರೋಗ್ರಾಂ) ಹಾಕಿದ್ದೇನೆ. ಅದೇ ಹುಕ್ಕಿನಲ್ಲಿ ಓಟಿ ಲೆಕ್ಕವನ್ನು ಪರೀಕ್ಷಿಸುವ ಇನ್ನೊಂದು ಉಪಾಯವೂ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಅನ್ನ ಅದು.

ದೊಡ್ಡ ಪೆಟ್ಟು 2021ರ ಏಪ್ರಿಲ್ಲಿನದು. ಸಂಜೆ ಗುಡುಗು ಮಳೆ. ಕಮಿಟ್ ಹೊಡೆಯುವುದಕ್ಕೂ ಸಿಡಿಲಿಗೆ ಕರೆಂಟ್ ಹೋಗುವುದಕ್ಕೂ ಸರಿ ಹೋಯಿತು. ಆಗ ಯುಪಿಎಸ್ ಬ್ಯಾಟರಿ ಸತ್ತಿತ್ತು, ಹಾಕಿಸೋಣ ಹಾಕಿಸೋಣ ಅಂತ ಮೂರು ತಿಂಗಳಿಂದ ಬಿಟ್ಟಿದ್ದೆ. ಕರೆಂಟ್ ಬಂದ ಮೇಲೆ ಗಿಟ್ ಸ್ಟೇಟಸ್ ಕೊಟ್ಟರೆ ‘ಲೂಸ್ ಆಬ್ಜೆಕ್ಟ್ ಕರಪ್ಟ್’. ಆಬ್ಜೆಕ್ಟ್ಸ್ ಫೋಲ್ಡರಿನಲ್ಲಿ ನಾಲ್ಕು ಫೈಲು, ನಾಲ್ಕರದ್ದೂ ಸೈಜು ಸೊನ್ನೆ. ಹೆಸರಿದೆ, ಒಳಗೆ ಏನೂ ಇಲ್ಲ. ರಾತ್ರಿ ಹನ್ನೊಂದರ ತನಕ ಒದ್ದಾಡಿದೆ. ಅಮ್ಮ ಎರಡು ಸಲ ಬಂದು ಹೋದರು. ಸೊನ್ನೆ ಸೈಜಿನವನ್ನು ಅಳಿಸಿ, ಲಾಗ್ಸ್ ಒಳಗಿನ ಹೆಡ್ ಫೈಲಿನ ಕೊನೆಗೆ ಹೋಗಿ, ಅಲ್ಲಿಂದ ಒಂದು ಸಾಲು ಮೇಲಿದ್ದ ಹ್ಯಾಶ್ (ಕಮಿಟ್ಟಿನ ಗುರುತು ಸಂಖ್ಯೆ) ತೆಗೆದುಕೊಂಡು ಬ್ರಾಂಚನ್ನು (ಕೆಲಸದ ಎಳೆಯನ್ನು) ಅದಕ್ಕೆ ಕಟ್ಟಿದೆ. ಕಳೆದುಕೊಂಡದ್ದು ಒಂದೇ ಕಮಿಟ್. ಹಳೇ ಕಾಲದಲ್ಲಾಗಿದ್ದರೆ ಫೋಲ್ಡರೇ ಹೋಗುತ್ತಿತ್ತು. ಮಾರನೇ ದಿನವೇ ಆರೂವರೆ ಸಾವಿರ ಕೊಟ್ಟು ಹೊಸ ಯುಪಿಎಸ್ ತಂದೆ. 2022ರಲ್ಲಿ ಗಿಟ್ 2.36 ಬಂದ ಮೇಲೆ ಕೋರ್ ಎಫ್‌ಸಿಂಕ್ ಅನ್ನುವ ಸೆಟ್ಟಿಂಗನ್ನು ‘ಆಲ್’ ಮಾಡಿಟ್ಟಿದ್ದೇನೆ, ಬರೆದದ್ದು ಡಿಸ್ಕಿಗೆ ಇಳಿದ ಮೇಲೆಯೇ ಮುಂದೆ ಹೋಗುತ್ತದೆ. ಕೂದಲೆಳೆಯಷ್ಟು ನಿಧಾನ. ನಮ್ಮ ಕರೆಂಟಿಗೆ ಅದೇ ಸರಿ.

ನಡುವೆ ರಿಪಾಸಿಟರಿಯನ್ನು (ಕೋಡೂ ಅದರ ಇತಿಹಾಸವೂ ಇರುವ ಫೋಲ್ಡರನ್ನು) ಒಂದು ಕ್ಲೌಡ್ ಫೋಲ್ಡರಿನೊಳಗೆ ಇಟ್ಟೂ ನೋಡಿದೆ. ಅದು ಅರ್ಧ ಫೈಲು ಏರಿಸಿ, ನೆಟ್ ಹೋಗಿ, ಬಂದ ಮೇಲೆ ಬ್ರಾಂಚ್ ಫೈಲಿಗೇ ಎರಡೆರಡು ನಕಲು ಮಾಡಿಟ್ಟಿತು. ಯಾರೂ ಮಾಡಬೇಡಿ.

ಕೊನೆಗೆ ನಿಂತ ಪದ್ಧತಿ ಇದು. ಮೂರು ಪೆನ್‌ಡ್ರೈವ್, ಒಂದೊಂದು ಮುನ್ನೂರೈವತ್ತು ನಾನೂರು. ಕೆಂಪು, ನೀಲಿ, ಕಪ್ಪು. ಕೆಂಪಿನಲ್ಲಿ ಬೇರ್ ರಿಪಾಸಿಟರಿ, ಅಂದರೆ ಬರೀ ಇತಿಹಾಸ, ಕೆಲಸ ಮಾಡುವ ಫೈಲುಗಳಿಲ್ಲ. ಅದೇ ನಮ್ಮ ಸೆಂಟರ್, ನಮ್ಮ ಗಿಟ್‌ಹಬ್, ಏನು ಬೇಕಾದರೂ ಅನ್ನಿ. ರಿಮೋಟ್ (ಪುಶ್ ಹೋಗಬೇಕಾದ ಜಾಗ) ಆಡ್ ಮಾಡುವಾಗ ನೆಟ್ ವಿಳಾಸದ ಬದಲು ಡ್ರೈವಿನ ದಾರಿ ಕೊಟ್ಟರೆ ಮುಗಿಯಿತು, ಪುಶ್, ಪುಲ್ (ಅಲ್ಲಿಂದ ತರುವುದು) ಎಲ್ಲ ಅದೇ. ಬುಧವಾರ ಬೆಳಿಗ್ಗೆ ಕೆಂಪನ್ನು ಕುಶಾಲನಗರದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ, ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿ, ಮೇಲೆ ರಬ್ಬರ್ ಬ್ಯಾಂಡು. ಹುಡುಗ ಸ್ಟ್ಯಾಂಡಿನಲ್ಲಿ ತೆಗೆದುಕೊಂಡು, ಪುಲ್ ಮಾಡಿ, ಪುಶ್ ಮಾಡಿ, ಸಂಜೆ ಬಸ್ಸಿಗೆ ವಾಪಸ್. ಕಂಡಕ್ಟರಿಗೆ ಇಪ್ಪತ್ತು ರೂಪಾಯಿ. ಅವರು ಅದರಲ್ಲಿ ಹಾಡಿದೆ ಅಂತ ತಿಳಿದಿದ್ದಾರೆ. ಒಂದು ಸಲ ಕೇಳಿಯೂ ಬಿಟ್ಟರು. ನೀಲಿ ಮನೆಯಲ್ಲಿ ಬ್ಯಾಕಪ್ಪು, ಕಪ್ಪು ಗಿರಾಕಿಗಳ ಹತ್ತಿರ ಹೋಗುವುದು.

ಪೆನ್‌ಡ್ರೈವಿನಲ್ಲಿ ಇಟ್ಟವರಿಗೆ 2022ರ ನಂತರ ‘ಡ್ಯೂಬಿಯಸ್ ಓನರ್‌ಶಿಪ್’ ಅಂತ ತಕರಾರು ಬಂದಿರಬಹುದು. ಪೆನ್‌ಡ್ರೈವಿನ ಫ್ಯಾಟ್ ಫಾರ್ಮ್ಯಾಟಿನಲ್ಲಿ ಫೈಲ್ ಯಾರದ್ದು ಅಂತ ಬರೆದಿರುವುದಿಲ್ಲ, ಗಿಟ್‌ಗೆ ಅನುಮಾನ. ಗಿಟ್‌ನ ಸೇಫ್ ಡೈರೆಕ್ಟರಿ ಪಟ್ಟಿಗೆ ಸೇರಿಸಿದರೆ ಸುಮ್ಮನಾಗುತ್ತದೆ. ನಾನು ಇದು ಗೊತ್ತಿಲ್ಲದೆ ಎರಡು ಸಲ ಫಾರ್ಮ್ಯಾಟ್ ಮಾಡಿದೆ.

ಗುಡ್ಡ ಜರಿದು ಬಸ್ಸೇ ಇಲ್ಲದ ದಿನಕ್ಕೆ? 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದು ನೋಡಿದವರಿಗೆ ಈ ಪ್ರಶ್ನೆ ಸುಮ್ಮನೆ ಬರುವುದಲ್ಲ. ಅದಕ್ಕೆ ಬಂಡಲ್, ಕಮಿಟ್‌ಗಳನ್ನು ಒಂದೇ ಫೈಲಿಗೆ ಕಟ್ಟುವ ಗಿಟ್ ಕಮಾಂಡ್. ಹಿಂದಿನ ಸಲ ಕಳಿಸಿದ ಜಾಗಕ್ಕೆ ‘ಕಳಿಸಿದ್ದು’ ಅಂತ ಒಂದು ಟ್ಯಾಗ್ (ಗುರುತು ಚೀಟಿ), ಅಲ್ಲಿಂದ ಮೇನ್ (ಮುಖ್ಯ ಬ್ರಾಂಚ್) ತನಕ ಬಂಡಲ್ ಕ್ರಿಯೇಟ್. ಒಂದು ವಾರದ ಕೆಲಸ ಮೂವತ್ತು ನಲವತ್ತು ಕೆಬಿ ಆದರೆ ಹೆಚ್ಚು. ಅಷ್ಟನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಇಟ್ಟು, ಕಾಫಿ ಕಣದ ತುದಿಗೆ ಹೋಗಿ ಛತ್ರಿ ಕೆಳಗೆ ನಿಂತರೆ ಒಂದು ಕಡ್ಡಿ ಸಿಗ್ನಲ್ಲಿಗೂ ಹೋಗುತ್ತದೆ. ಆ ಕಡೆ ಮೊದಲು ವೆರಿಫೈ, ಆಮೇಲೆ ಪುಲ್. ಆ ಒಂಬತ್ತು ದಿನ ಕಡ್ಡಿಯೂ ಇರಲಿಲ್ಲ. ಬಸ್ ಮಾತ್ರ ಓಡುತ್ತಿತ್ತು, ಬೆಂಕಿಪೊಟ್ಟಣವೇ ಕಾಪಾಡಿತು.

ಕನ್ನಡದ್ದೇ ಬೇರೆ ಗೋಳು. ‘ರಸೀದಿ’ ಅಂತ ಫೈಲಿಗೆ ಹೆಸರಿಟ್ಟರೆ ಸ್ಟೇಟಸ್ಸಿನಲ್ಲಿ 340, 262, 260 ಅಂತ ಅಂಕಿಗಳ ಮಾಲೆ. ಕೋರ್ ಕೋಟ್‌ಪಾತ್ ಅನ್ನುವ ಸೆಟ್ಟಿಂಗನ್ನು ಫಾಲ್ಸ್ ಮಾಡಿದ ಮೇಲೆ ಕನ್ನಡ ಕನ್ನಡವಾಗಿ ಕಂಡಿತು. ಕನ್ನಡ ಪದಗಳ ಪಟ್ಟಿಯ ಫೈಲಿಗೆ ಡಿಫ್ ಕೇಳಿದರೆ ‘ಬೈನರಿ ಫೈಲ್ಸ್ ಡಿಫರ್’ ಅಂದುಬಿಡುತ್ತಿತ್ತು. ನೋಟ್‌ಪ್ಯಾಡಿನಲ್ಲಿ ನಾನೇ ಯುಟಿಎಫ್ 16 ಅನ್ನುವ ಅಕ್ಷರ ಸಂಕೇತದಲ್ಲಿ ಸೇವ್ ಮಾಡಿದ್ದೆ, ಯುಟಿಎಫ್ 8ಕ್ಕೆ ತಂದ ಮೇಲೆ ಸಾಲು ಸಾಲಾಗಿ ತೋರಿಸಿತು. ಕಮಿಟ್ ಮೆಸೇಜ್ ಕನ್ನಡದಲ್ಲೇ ಬರೆಯುತ್ತೇನೆ. ‘ಮೆಣಸಿನ ಲೀಟರ್ ತೂಕ ಬಿಲ್ಲಿಗೆ ಸೇರಿಸಿದೆ’ ಅಂದರೆ ಎರಡು ವರ್ಷ ಬಿಟ್ಟು ಓದಿದರೂ ಅರ್ಥವಾಗುತ್ತದೆ.

ಇನ್ನೊಂದು ಕೊಡುತ್ತೇನೆ, ಇದು ಪುಕ್ಕಟೆ. ಪ್ರತಿ ಬಿಲ್ಲಿನ ಕೆಳಗೆ ಸಣ್ಣಕ್ಷರದಲ್ಲಿ ಕಮಿಟ್ ಹ್ಯಾಶಿನ ಮೊದಲ ಏಳು ಅಕ್ಷರ ಪ್ರಿಂಟ್ ಆಗುತ್ತದೆ. ಗಿರಾಕಿ ಫೋನ್ ಮಾಡಿ ತಪ್ಪಿದೆ ಅಂದರೆ “ಕೆಳಗಿನದ್ದು ಓದಿ ಸರ್” ಅನ್ನುತ್ತೇನೆ. ಅವರ ಹತ್ತಿರ ಯಾವ ವರ್ಷನ್ ಇದೆ ಅಂತ ಇಲ್ಲೇ ಕೂತು ಗೊತ್ತಾಗುತ್ತದೆ. ಕಳೆದ ಡಿಸೆಂಬರಿನಲ್ಲಿ ಚೆಕ್‌ರೋಲಿನಲ್ಲಿ ಮಿತಿ ಮುಟ್ಟಿದವರಿಗೆ ಸಿಗುವ ಹೆಚ್ಚುವರಿ ದುಡ್ಡು ಕೆಲವರಿಗೆ ಮಾತ್ರ ಬರುತ್ತಿಲ್ಲ ಅಂತ ಒಬ್ಬ ರೈಟರ್ (ತೋಟದ ಲೆಕ್ಕ ಬರೆಯುವವರು) ಹೇಳಿದರು. ಸರಿಯಿದ್ದ ವರ್ಷನ್ನಿಗೂ ಇದಕ್ಕೂ ನಡುವೆ 140ರಷ್ಟು ಕಮಿಟ್. ಬೈಸೆಕ್ಟ್ (ಪ್ರತಿ ಸಲ ಅರ್ಧಕ್ಕೆ ಸೀಳಿ ತಪ್ಪಿನ ಕಮಿಟ್ ಹುಡುಕುವುದು) ಹಾಕಿದೆ, ಏಳೇ ಸಲ ಪರೀಕ್ಷಿಸಿದ್ದು. ‘ಅಷ್ಟು ಅಥವಾ ಹೆಚ್ಚು’ ಅಂತ ಇರಬೇಕಾದಲ್ಲಿ ಬರೀ ‘ಹೆಚ್ಚು’ ಅಂತ ಆಗಿತ್ತು, ಸರಿಯಾಗಿ ಮಿತಿಯಷ್ಟೇ ಕುಯ್ದವರಿಗೆ ಪೆಟ್ಟು. ಹುಡುಗನ ಕೈಕೆಲಸ ಅಂತ ಬೈಯಲು ಹೊರಟಿದ್ದೆ, ಬ್ಲೇಮ್ (ಯಾವ ಸಾಲು ಯಾರು ಬರೆದರು ಅಂತ ತೋರಿಸುವುದು) ಕೊಟ್ಟರೆ ನನ್ನದೇ ಹೆಸರು.

ಸೋತ ಪ್ರಯೋಗವೂ ಇದೆ. ಡೇಟಾಬೇಸಿನ ಪೂರ್ತಿ ಡಂಪನ್ನು (ನಕಲನ್ನು) ದಿನಾ ಕಮಿಟ್ ಮಾಡುತ್ತಿದ್ದೆ, ಝಿಪ್ ಮಾಡಿ. ಝಿಪ್ ಆದದ್ದರಲ್ಲಿ ನಿನ್ನೆಗೂ ಇವತ್ತಿಗೂ ಹೋಲಿಕೆ ಗಿಟ್‌ಗೆ ಸಿಗುವುದಿಲ್ಲ. ನಾಲ್ಕು ತಿಂಗಳಲ್ಲಿ ರಿಪಾಸಿಟರಿ ಎರಡು ಜಿಬಿ ದಾಟಿತು, ಕೆಂಪು ಪೆನ್‌ಡ್ರೈವಿಗೆ ಪುಶ್ ಹಾಕಿ ದನಕ್ಕೆ ಹುಲ್ಲು ಹಾಕಿ ಬರಬಹುದಿತ್ತು. ಈಗ ಕೋಡಿನದ್ದು ಮಾತ್ರ.

ಗೆದ್ದದ್ದು ಅಪ್ಪನ ಮಳೆ ಪುಸ್ತಕ. ಅವರು 1978ರಿಂದ ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಟ್ಟಿದ್ದಾರೆ, ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ. ಅದನ್ನೆಲ್ಲ ಟೈಪ್ ಮಾಡಿ ಗಿಟ್‌ನಲ್ಲಿ ಇಟ್ಟಿದ್ದೇನೆ. ಅಪ್ಪ ಕೆಲವೊಮ್ಮೆ ವಾರ ಬಿಟ್ಟು “ಅವತ್ತು ಎರಡೂಕಾಲು ಅಲ್ಲ ಕಣೋ, ಎರಡೂವರೆ” ಅಂತ ತಿದ್ದಿಸುತ್ತಾರೆ. ಯಾವತ್ತು ಏನು ತಿದ್ದಿಸಿದರು ಅನ್ನುವುದೂ ಲಾಗಿನಲ್ಲಿದೆ. ಅವರಿಗೆ ತೋರಿಸಿಲ್ಲ.

ಒಟ್ಟು ಖರ್ಚು ಕ್ಲಾಸು, ಯುಪಿಎಸ್, ಪೆನ್‌ಡ್ರೈವ್, ಮುರಿದುಕೊಂಡ ಬಾಕಿ ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ. ಹಳೇ ಫೈಲು ಹೊಸದರ ಮೇಲೆ ಕೂತದ್ದು ಆಮೇಲೆ ಒಂದು ಸಲವೂ ಇಲ್ಲ. ಭಾವ ಹೋದ ವಾರ ಊರಿಗೆ ಬಂದಿದ್ದಾಗ ಬಂಡಲ್ ಕಮಾಂಡನ್ನು ಬರೆದುಕೊಂಡು ಹೋದರು, ಆಫೀಸಿನಲ್ಲಿ ಯಾವುದೋ ನೆಟ್ ಇಲ್ಲದ ಮೆಷಿನ್ನಿಗೆ ಬೇಕಂತೆ. ನನಗೀಗ ಉಳಿದಿರುವ ತಲೆನೋವು ಒಂದೇ. ಕುಶಾಲನಗರದ ಹುಡುಗನಿಗೆ ನೂರು ಸಲ ಹೇಳಿಯಾಯಿತು, ಇನ್ನೂ ಪ್ರತಿ ಕಮಿಟ್ಟಿಗೂ ‘ಚೇಂಜಸ್’ ಅಂತಲೇ ಬರೆಯುತ್ತಾನೆ.