ಎಲ್ಕ್ ಬೇಟೆಗೆ ಬೆನ್ನ ಮೇಲೆ ಹೊತ್ತೊಯ್ಯುವ ಡೇರೆ, ಹಾಸಿಗೆ: ನನ್ನ ಅನುಭವ

ಅಮೆರಿಕದ ಕೊಲರಾಡೊ ರಾಜ್ಯದ ಸ್ಯಾನ್ ವಾನ್ ಪರ್ವತಗಳು. ಅಕ್ಟೋಬರ್ ಕೊನೆಯ ವಾರ, ಸುಮಾರು 11,000 ಅಡಿ ಎತ್ತರ. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಎದೆ, ಹೊಟ್ಟೆ ಎಲ್ಲ ಬೆಚ್ಚಗಿತ್ತು. ಬೆನ್ನು ಮಾತ್ರ ಕೊರೆಯುತ್ತಿತ್ತು. ಮಗ್ಗುಲಾದರೆ ಆ ಮಗ್ಗುಲು ತಣ್ಣಗಾಗುತ್ತಿತ್ತು. ಬೆಳಗಿನ ತನಕ ಹಾಗೇ ಹೊರಳಾಡಿದೆ. ಮರುದಿನ ರೈಫಲ್ ಹೊತ್ತು ಗುಡ್ಡ ಹತ್ತಿದೆ. ಹತ್ತು ಗಂಟೆಯ ಹೊತ್ತಿಗೆ ಬೈನಾಕ್ಯುಲರ್ ಕೈಯಲ್ಲಿ ಹಿಡಿದಂತೆಯೇ ನಿದ್ದೆ ಹೋಗಿದ್ದೆ. ಐದು ದಿನ ಅಂದುಕೊಂಡಿದ್ದ, ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆ ಎರಡೇ ದಿನಕ್ಕೆ ಮುಗಿಯಿತು.

ಆ ಸಲ ನಾನು ಜಾಸ್ತಿ ದುಡ್ಡು ಸುರಿದಿದ್ದು ಸ್ಲೀಪಿಂಗ್ ಬ್ಯಾಗಿಗೆ. ಕೆಳಗೆ ಹಾಸಿದ್ದು ಬೇಸಿಗೆಯ ಟ್ರೆಕ್‌ಗೆ ಅಂತ ಕೊಂಡಿದ್ದ ತೆಳು ಗಾಳಿ ಮ್ಯಾಟ್. ತಪ್ಪು ಅಲ್ಲೇ ಇತ್ತು.

ನಾನು ಕೊಡಗಿನವನು. ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಾ ಬೆಳೆದವನು. ಆದರೆ ಬೇಟೆ ನನಗೆ ಹಿರಿಯರ ಬಾಯಿಂದ ಕೇಳಿದ ಮಾತಷ್ಟೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ನಿಂತಿತು, ನಿಂತಿದ್ದೇ ಒಳ್ಳೆಯದಾಯಿತು. ಅಮೆರಿಕಕ್ಕೆ ಬಂದ ಮೇಲೆ ಬೇಟೆಗಾರರ ಕೋರ್ಸ್ ಮುಗಿಸಿ, ಲೈಸೆನ್ಸ್ ತೆಗೆದುಕೊಂಡು ಹೋಗಲು ಶುರು ಮಾಡಿದೆ. ನಮ್ಮಜ್ಜ ಹೇಳುತ್ತಿದ್ದ ಬೇಟೆಯಲ್ಲಿ ರಾತ್ರಿ ಎಲ್ಲರೂ ಮನೆಗೆ ಬಂದು ಉಣ್ಣುತ್ತಿದ್ದರು. ಇಲ್ಲಿ ಹಾಗಿಲ್ಲ. ಸ್ಯಾನ್ ವಾನ್ ಪರ್ವತಗಳ ಸಂರಕ್ಷಿತ ಕಾಡು ವೆಮಿನೂಚ್ ವಿಲ್ಡರ್‌ನೆಸ್ ಹತ್ತಿರ ಹತ್ತಿರ 5 ಲಕ್ಷ ಎಕರೆ. ಒಳಗೆ ಜೀಪಿಲ್ಲ, ಬೈಕಿಲ್ಲ, ಸೈಕಲ್ಲೂ ಇಲ್ಲ. ಕುದುರೆ ಇಲ್ಲದವರಿಗೆ ಬೆನ್ನೇ ಗತಿ.

ಹಗುರ ಸಾಮಾನು ಬೇಕಾಗುವುದು ಹೋಗುವ ದಾರಿಗಲ್ಲ, ಬರುವ ದಾರಿಗೆ. ದೊಡ್ಡ ಗಂಡು ಎಲ್ಕ್ 300 ಕೆಜಿ ದಾಟುತ್ತದೆ. ಮೂಳೆ ಬಿಡಿಸಿದ ಮಾಂಸವೇ 90 ಕೆಜಿ ಆಸುಪಾಸು ಬರುತ್ತದೆ. ಅಷ್ಟನ್ನೂ ಕೆಡದ ಹಾಗೆ ಹೊತ್ತು ತರಬೇಕು. ಪ್ರಾಣಿಯನ್ನು ಕೊಂದ ಮೇಲೆ ಮಾಂಸ ಹಾಳು ಮಾಡುವುದು ನನ್ನ ಮಟ್ಟಿಗೆ ಪಾಪ, ಕೊಲರಾಡೊದ ಕಾನೂನಿನಲ್ಲಿ ಅಪರಾಧ. ಒಬ್ಬನಿಗೆ ಮೂರ್ನಾಲ್ಕು ಸುತ್ತಿನ ಕೆಲಸ. ಅದರ ಮೇಲೆ ಡೇರೆ, ಹಾಸಿಗೆ. ಅಲ್ಲಿ ಉಳಿಸಿದ ಒಂದೊಂದು ಕೆಜಿಯೂ ಇಳಿಜಾರಿನಲ್ಲಿ ಮೊಣಕಾಲಿಗೆ ಗೊತ್ತಾಗುತ್ತದೆ. ಹಾಗಂತ ನಿದ್ದೆ ಕೊಡುವ ಸಾಮಾನನ್ನು ಬಿಟ್ಟು ಹೋದರೆ ಬೇಟೆಯೇ ಇಲ್ಲ. ಡೇರೆಯಲ್ಲಿ ತೂಕ ಇಳಿಸಿ, ಮ್ಯಾಟಿನಲ್ಲಿ ಇಳಿಸಬೇಡಿ.

ಯಾಕೆ ಅಂದರೆ, ಸ್ಲೀಪಿಂಗ್ ಬ್ಯಾಗಿನೊಳಗೆ ತುಂಬಿರುವ, ಡೌನ್ ಅನ್ನುವ ಬಾತುಕೋಳಿ ಪುಕ್ಕ ಬೆಚ್ಚಗಿಡುವುದು ಅದು ಉಬ್ಬಿ ಒಳಗೆ ಗಾಳಿ ಹಿಡಿದಿಟ್ಟುಕೊಂಡಾಗ. ನಾವು ಮಲಗಿದ ಕಡೆ ಅದು ಚಪ್ಪಟೆಯಾಗುತ್ತದೆ. ಬೆನ್ನ ಕೆಳಗೆ ಎಷ್ಟು ದುಬಾರಿ ಬ್ಯಾಗ್ ಇದ್ದರೂ ಅದು ಬರೀ ಬಟ್ಟೆ. ಅಲ್ಲಿ ಕಾಪಾಡುವುದು ಮ್ಯಾಟ್ ಒಂದೇ. ಮ್ಯಾಟಿನ ಮೇಲೆ ಆರ್-ವ್ಯಾಲ್ಯೂ ಅಂತ ಒಂದು ಸಂಖ್ಯೆ ಬರೆದಿರುತ್ತದೆ. ಶಾಖ ನೆಲಕ್ಕೆ ಇಳಿಯದಂತೆ ಅದು ಎಷ್ಟು ತಡೆಯುತ್ತದೆ ಅನ್ನುವ ಅಳತೆ ಅದು. ನನ್ನ ಹಳೆಯದು 2ರ ಹತ್ತಿರ ಇತ್ತು. ಹಿಮ ಬೀಳುವ ಕಾಲಕ್ಕೆ ನನಗೆ 6 ದಾಟಿದ್ದು ಬೇಕು. ಎರಡು ಮ್ಯಾಟ್ ಒಂದರ ಮೇಲೊಂದು ಹಾಕಿದರೆ ಸಂಖ್ಯೆಗಳನ್ನು ಕೂಡಿಸಿಕೊಳ್ಳಬಹುದು. ಹಾಗಾಗಿ ಈಗ ಗಾಳಿ ಮ್ಯಾಟಿನ ಕೆಳಗೆ ಮಡಚುವ ಫೋಮ್ ಶೀಟ್ ಒಂದನ್ನೂ ಹಾಸುತ್ತೇನೆ. ಅದರ ತೂಕ 400 ಗ್ರಾಂ. ಮುಳ್ಳು ಚುಚ್ಚಿ ಗಾಳಿ ಹೋದರೂ ರಾತ್ರಿ ಕಳೆಯಬಹುದು. ಹಗಲಲ್ಲಿ ಬಂಡೆ ಮೇಲೆ ಗಂಟೆಗಟ್ಟಲೆ ಕೂತು ಬೈನಾಕ್ಯುಲರ್‌ನಲ್ಲಿ ನೋಡುವಾಗ ಅದೇ ಮಣೆ.

ಬ್ಯಾಗಿನ ವಿಷಯಕ್ಕೂ ಒಂದು ಮಾತು. ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಉಷ್ಣಾಂಶ ಇರುತ್ತದೆ, ಕಂಫರ್ಟ್ ಮತ್ತು ಲಿಮಿಟ್. ಲಿಮಿಟ್ ಅಂದರೆ ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ಮಟ್ಟ. ಆರಾಮಾಗಿ ಮಲಗುವುದಲ್ಲ. ಬ್ಯಾಗಿನ ಹೆಸರಲ್ಲಿ ದೊಡ್ಡದಾಗಿ ಕಾಣುವುದು ಎಷ್ಟೋ ಸಲ ಇದೇ ಲಿಮಿಟ್. ಅದೂ ಒಳ್ಳೆಯ ಮ್ಯಾಟ್ ಮೇಲೆ ಪರೀಕ್ಷೆ ಮಾಡಿ ತೆಗೆದ ಲೆಕ್ಕ. ನಾನು ಕಂಫರ್ಟ್ ಮಾತ್ರ ನೋಡುತ್ತೇನೆ. ಹಗಲೆಲ್ಲ ನಡೆದು ಸುಸ್ತಾದ ಮೈಗೆ, ಹೊಟ್ಟೆ ಅರ್ಧ ಖಾಲಿ ಇದ್ದಾಗ, ಚಳಿ ಚೀಟಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿಯೇ ಅನ್ನಿಸುತ್ತದೆ.

ಡೌನ್‌ಗೆ ಒದ್ದೆ ಅಂದರೆ ಆಗದು. ಮಳೆಯೇ ಬೀಳಬೇಕಿಲ್ಲ. ನಮ್ಮ ಮೈಯ ಬೆವರಿನ ಹಬೆಯೇ ದಿನಾ ಸ್ವಲ್ಪ ಸ್ವಲ್ಪ ಒಳಗೆ ಸೇರಿಕೊಂಡು, ನಾಲ್ಕನೇ ರಾತ್ರಿಗೆ ಬ್ಯಾಗ್ ಸೊರಗಿರುತ್ತದೆ. ಕೊಲರಾಡೊದ ಗಾಳಿ ಒಣ, ಬಿಸಿಲು ಚುರುಕು. ಮಧ್ಯಾಹ್ನ ಕ್ಯಾಂಪಿಗೆ ಬಂದರೆ ಅರ್ಧ ಗಂಟೆ ಬಿಸಿಲಿಗೆ ಹರವುತ್ತೇನೆ. ಮಳೆಗಾಲದಲ್ಲಿ ಅಮ್ಮ ಬಿಸಿಲು ಕಂಡ ತಕ್ಷಣ ಕಂಬಳಿ ಹರವುತ್ತಿದ್ದಳು. ಅದೇ ಕೆಲಸ.

ಡೇರೆ ನನ್ನಲ್ಲಿ ಎರಡಿದೆ. ಸೆಪ್ಟೆಂಬರ್‌ನ ಬಿಲ್ಲುಬೇಟೆಗೆ ಡೈನೀಮಾ ಅನ್ನುವ ಹಗುರವಾದ ಗಟ್ಟಿ ಬಟ್ಟೆಯ ಒಂಟಿ ಪದರದ್ದು, 700 ಗ್ರಾಂ. ಕೈಕೋಲುಗಳೇ ಅದಕ್ಕೆ ಕಂಬ. ಅಕ್ಟೋಬರ್‌ಗೆ ತಳ ಇಲ್ಲದ ಟೀಪಿ, ಅಂದರೆ ಶಂಕುವಿನಾಕಾರದ ಡೇರೆ, ಜೊತೆಗೆ ಮಡಚುವ ಟೈಟೇನಿಯಂ ಒಲೆ. ಟೀಪಿ 1.8 ಕೆಜಿ, ಒಲೆ ಕೊಳವೆ ಸಮೇತ ಒಂದು ಕೆಜಿ ಮೇಲೆ. ಇಬ್ಬರು ಹಂಚಿಕೊಂಡರೆ ಭಾರವೇನಲ್ಲ. ತಳ ಇಲ್ಲ ಅಂದಾಗ ಮೊದಲು ನನಗೂ ಹಿಂಜರಿಕೆ ಇತ್ತು. ಈಗ ಕೆಸರು ಬೂಟಿನಲ್ಲೇ ಒಳಗೆ ಬಂದು, ಒಲೆ ಪಕ್ಕ ಕೂತು ಬಿಚ್ಚುವ ಸುಖ ಬಿಟ್ಟುಕೊಡಲಾರೆ.

ಒಲೆ ರಾತ್ರಿಯಿಡೀ ಉರಿಯುತ್ತದೆ ಅಂತ ಮಾತ್ರ ನಂಬಬೇಡಿ. ಅಷ್ಟು ಚಿಕ್ಕ ಒಲೆಗೆ ತುಂಬಿದ ಸೌದೆ ಒಂದು ಗಂಟೆಯೊಳಗೆ ಬೂದಿ. ಅದರ ಕೆಲಸ ಒಣಗಿಸುವುದು: ಸಾಕ್ಸ್, ಕೈಗವಸು, ಡೇರೆಯ ಒಳಬದಿ ಕಟ್ಟುವ ನೀರು. ಮೇಲೆ ಕೆಳಗೆ ಗಾಳಿಗೆ ದಾರಿ ಬಿಟ್ಟಿರಬೇಕು. ಇಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಮಲಗುವ ಮುಂಚೆ ಒಲೆ ಆರಿಸಿಬಿಡುತ್ತೇನೆ. ಬೆಂಕಿ ನಿಷೇಧ ಜಾರಿಯಲ್ಲಿದೆಯಾ ಅಂತ ಹೊರಡುವ ಮುಂಚೆಯೇ ನೋಡಿಕೊಳ್ಳಬೇಕು. ಇನ್ನೊಂದು, ಸಿಲಿಕೋನ್ ಲೇಪಿಸಿದ ನೈಲಾನ್, ಅಂದರೆ ಸಿಲ್‌ನೈಲಾನ್ ಬಟ್ಟೆ ಒದ್ದೆಯಾದರೆ ಜೋಲುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ್ದರೂ ಮಲಗುವಾಗ ಮತ್ತೊಮ್ಮೆ ಹಗ್ಗ ಎಳೆಯಬೇಕು.

ಡೇರೆಗಿಂತ ಅದನ್ನು ಹಾಕುವ ಜಾಗ ಮುಖ್ಯ. ರಾತ್ರಿ ತಣ್ಣನೆ ಗಾಳಿ ನೀರಿನ ಹಾಗೆ ಇಳಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಹೊಳೆ ದಂಡೆಯ ಹುಲ್ಲುಗಾವಲು ನೋಡಲು ಚೆಂದ, ಮಲಗಲು ಕೆಟ್ಟದ್ದು. ನೂರು ಅಡಿ ಮೇಲೆ ಮರಗಳ ನಡುವೆ ಹಾಕಿದರೆ ವ್ಯತ್ಯಾಸ ಮೈಗೇ ತಿಳಿಯುತ್ತದೆ. ಆದರೆ ತಲೆ ಎತ್ತಿ ನೋಡಿ. ಸ್ಯಾನ್ ವಾನ್‌ನಲ್ಲಿ ಸ್ಪ್ರೂಸ್ ಜೀರುಂಡೆ ಕೊರೆದು ಗುಡ್ಡಗಟ್ಟಲೆ ಮರಗಳು ನಿಂತಲ್ಲೇ ಸತ್ತಿವೆ. ಗಾಳಿಗೆ ಅವು ಉರುಳುತ್ತವೆ. ಅಂಥ ಮರದ ಎತ್ತರದಷ್ಟು ದೂರದೊಳಗೆ ನಾನು ಡೇರೆ ಹಾಕುವುದಿಲ್ಲ, ಕತ್ತಲಾಗಿದ್ದರೂ ಸರಿ.

ಹೋದ ಅಕ್ಟೋಬರ್‌ನಲ್ಲಿ ಗೆಳೆಯನ ಜೊತೆ ಹೋಗಿದ್ದೆ. ನನ್ನ ಪಾಲಿಗೆ ಡೇರೆ, ಒಲೆ, ಬ್ಯಾಗ್, ಎರಡು ಮ್ಯಾಟ್ ಎಲ್ಲ ಸೇರಿ ಮೂರೂವರೆ ಕೆಜಿ. ರಾತ್ರಿ ಬಾಟಲಿಗೆ ಬಿಸಿನೀರು ತುಂಬಿ ಕಾಲ ಬಳಿ ಇಟ್ಟುಕೊಳ್ಳುತ್ತಿದ್ದೆ. ನೀರಿನ ಫಿಲ್ಟರ್ ಕೂಡ ಬ್ಯಾಗಿನೊಳಗೇ, ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಟ್ಟ ಹಾಗೆಯೇ. ನಾಲ್ಕು ರಾತ್ರಿಯೂ ಅಲಾರಂ ಹೊಡೆಯುವ ತನಕ ಮಲಗಿದೆ. ಐದನೇ ಬೆಳಿಗ್ಗೆ ಎಲ್ಕ್ ಸಿಕ್ಕಿತು. ಇಬ್ಬರೂ ಎರಡೆರಡು ಸುತ್ತು ಮಾಂಸ ಹೊತ್ತೆವು. ಕೊನೆಯ ಸುತ್ತಿಗೆ ಮಾಂಸದ ಮೇಲೆ ಡೇರೆ ಕಟ್ಟಿಕೊಂಡು ಇಳಿಯುವಾಗ ಹಿಮ ಬೀಳಲು ಶುರುವಾಗಿತ್ತು.